ಅಣ್ವಸ್ತ್ರ ನಿಯಂತ್ರಣ: ತಪಾಸಣೆಯ ಏಳುಬೀಳು

ಅಣುಬಾಂಬ್ ತಯಾರಿಸುವ ವಿದ್ಯೆ ಬಹುಕಾಲ ಒಂದೇ ದೇಶದ ಸ್ವತ್ತಾಗಿ ಉಳಿಯದು ಎಂಬುದು ಅದನ್ನು ರೂಪಿಸಿದ ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಹಿರೋಷಿಮಾ, ನಾಗಸಾಕಿಗಳ ದುರಂತದ ಮರುವರ್ಷ, 1946ರಲ್ಲಿ, ಅಮೆರಿಕದಲ್ಲಿ ಸಿದ್ಧವಾದ ಅಚೆಸನ್–ಲಿಲಿಯೆಂಥಾಲ್ ವರದಿ ಒಂದು ಕಹಿಸತ್ಯವನ್ನು ಹೇಳಿತು: ಆಯಾ ದೇಶಗಳೇ ಘಟಕಗಳನ್ನು ನಡೆಸುತ್ತ, ಹೊರಗಿನವರು ಬಂದು ತಪಾಸಣೆಯನ್ನಷ್ಟೇ ಮಾಡಿ ಹೋದರೆ ಸಾಲದು, ಅಪಾಯಕಾರಿ ಘಟಕಗಳ ಒಡೆತನವೇ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಕೈಯಲ್ಲಿರಬೇಕು. ಈ ವರದಿಯನ್ನು ಆಧರಿಸಿ ಅಮೆರಿಕದ ಪ್ರತಿನಿಧಿ ಬರ್ನಾರ್ಡ್ ಬರೂಕ್ ವಿಶ್ವಸಂಸ್ಥೆಯ ಮುಂದಿಟ್ಟ ಯೋಜನೆಯನ್ನು ಸೋವಿಯತ್ ಒಕ್ಕೂಟ ಒಪ್ಪಲಿಲ್ಲ. ಅಮೆರಿಕ ಮೊದಲು ತನ್ನ ಬಾಂಬುಗಳನ್ನು ನಾಶಪಡಿಸಲಿ ಎಂಬುದು ಅದರ ಪಟ್ಟಾಗಿತ್ತು. 1949ರಲ್ಲಿ ಅದೂ ಪರೀಕ್ಷೆ ನಡೆಸಿತು. 1964ರ ಹೊತ್ತಿಗೆ ಬ್ರಿಟನ್, ಫ್ರಾನ್ಸ್ ಮತ್ತು ಚೀನಾಗಳೂ ಆ ಸಾಲಿಗೆ ಸೇರಿದ್ದವು.

ಮುಂದೆ ಜಗತ್ತು ಹಿಡಿದದ್ದು 1946ರ ವರದಿ ಸಾಲದೆಂದಿದ್ದ ತಪಾಸಣೆಯ ದಾರಿಯನ್ನೇ. 1957ರಲ್ಲಿ, ಈ ತಪಾಸಣೆಯ ಹೊಣೆ ಹೊರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಸ್ಥಾಪನೆಯಾಯಿತು. 1968ರಲ್ಲಿ ಸಹಿಗೆ ತೆರೆದುಕೊಂಡ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವು, 1967ರ ಜನವರಿ 1ಕ್ಕೆ ಮೊದಲು ಬಾಂಬ್ ಸಿಡಿಸಿದ ಐದು ದೇಶಗಳನ್ನು ಮಾತ್ರ ಅಣ್ವಸ್ತ್ರ ರಾಷ್ಟ್ರಗಳೆಂದು ಮಾನ್ಯಮಾಡಿತು. ಉಳಿದವರು ಅಸ್ತ್ರದ ಆಸೆ ಬಿಡಬೇಕು, ಬದಲಿಗೆ ಶಾಂತಿಯುತ ಅಣುಶಕ್ತಿಯನ್ನು ಪಡೆಯಬಹುದು. ಐವರು ನಿರಸ್ತ್ರೀಕರಣಕ್ಕಾಗಿ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು. ಈ ಕೊನೆಯ ಭಾಗಕ್ಕೆ ಗಡುವನ್ನೇ ನಿಗದಿಪಡಿಸಲಿಲ್ಲ. ಭಾರತ, ಪಾಕಿಸ್ತಾನ, ಇಸ್ರೇಲ್ ಸಹಿ ಹಾಕಲಿಲ್ಲ; ಸಹಿ ಹಾಕಿದ್ದ ಉತ್ತರ ಕೊರಿಯಾ 2003ರಲ್ಲಿ ಹೊರನಡೆಯುವುದಾಗಿ ಘೋಷಿಸಿ, 2006ರಲ್ಲಿ ಪರೀಕ್ಷೆ ನಡೆಸಿತು. ಒಪ್ಪಂದದಲ್ಲಿ ತಾರತಮ್ಯವಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ.

ಆದರೆ ಅದಕ್ಕಿಂತ ಆಳವಾದ ತೊಡಕು ಯಂತ್ರಗಳಲ್ಲೇ ಇದೆ. ನಿಸರ್ಗದ ಯುರೇನಿಯಂನಲ್ಲಿ ವಿದಳನಕ್ಕೆ (ಪರಮಾಣು ಸೀಳುವಿಕೆಗೆ) ಒದಗುವ ಯು–235ರ ಪ್ರಮಾಣ ಕೇವಲ ಶೇ 0.7. ಅತಿವೇಗವಾಗಿ ತಿರುಗುವ ಯಂತ್ರಗಳಾದ ಸೆಂಟ್ರಿಫ್ಯೂಜ್‌ಗಳ ಸಾಲಿನಲ್ಲಿ ಅದನ್ನು ಶೇ 3ರಿಂದ 5ಕ್ಕೆ ಏರಿಸಿದರೆ ವಿದ್ಯುತ್ ಸ್ಥಾವರದ ಇಂಧನ. ಶೇ 90ರ ಆಸುಪಾಸಿಗೆ ಏರಿಸಿದರೆ ಬಾಂಬಿನ ಸಾಮಗ್ರಿ. ಒಟ್ಟು ಶ್ರಮದ ಬಹುಪಾಲು ಮೊದಲ ಹಂತದಲ್ಲೇ ಮುಗಿದಿರುವುದರಿಂದ, ಇಂಧನ ತಯಾರಿಸಬಲ್ಲ ದೇಶಕ್ಕೆ ಬಾಂಬಿನ ದಾರಿ ದೂರವೇನಲ್ಲ. ಆದ್ದರಿಂದ ಘಟಕದೊಳಗೆ ಯಾರು, ಯಾವಾಗ, ಎಷ್ಟು ನೋಡಬಹುದು ಎಂಬುದೇ ನಿರ್ಣಾಯಕ ಪ್ರಶ್ನೆ. 1991ರ ಕೊಲ್ಲಿ ಯುದ್ಧದ ನಂತರ ಇರಾಕ್‌ನ ರಹಸ್ಯ ಕಾರ್ಯಕ್ರಮ ಬಯಲಾದಾಗ ಇದರ ತೀವ್ರತೆ ಅರಿವಾಯಿತು. ಅಣುಶಕ್ತಿ ಸಂಸ್ಥೆಯ ತಪಾಸಕರು ಅಲ್ಲಿನ ತುವೈತಾ ಅಣುಕೇಂದ್ರಕ್ಕೆ ನಿಯಮಿತವಾಗಿ ಹೋಗುತ್ತಿದ್ದರು. ಘೋಷಿತ ಕಟ್ಟಡಗಳನ್ನು ನೋಡಿ ಮರಳುತ್ತಿದ್ದರು. ಗುಪ್ತ ಕೆಲಸ ಅದೇ ಆವರಣದಲ್ಲಿ ಸಾಗಿತ್ತು. ಅಘೋಷಿತ ಸ್ಥಳಗಳತ್ತಲೂ ತಪಾಸಣೆಯನ್ನು ವಿಸ್ತರಿಸುವ ಹೆಚ್ಚುವರಿ ಪ್ರೋಟೊಕಾಲ್ 1997ರಲ್ಲಿ ರೂಪುಗೊಂಡಿತಾದರೂ, ಅದನ್ನು ಒಪ್ಪುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು.

ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ನಡೆದದ್ದು ಇದಕ್ಕಿಂತ ಭರವಸೆಯ ಕಥೆ. ನೆಲದಿಂದ ಹಾರಿಸುವ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ಪೂರ್ತಿಯಾಗಿ ರದ್ದುಪಡಿಸಿದ 1987ರ ಐಎನ್‌ಎಫ್ ಒಪ್ಪಂದದಡಿ, ಅಮೆರಿಕದ ತಪಾಸಕರು ರಷ್ಯಾದ ವೊಟ್ಕಿನ್ಸ್ಕ್‌ನ ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲೇ ಠಿಕಾಣಿ ಹೂಡಿ, ಕ್ಷಿಪಣಿ ಹಿಡಿಸುವಷ್ಟು ದೊಡ್ಡದಾದ ವಾಹನ ಯಾವುದು ಹೊರಬಂದರೂ ಪರಿಶೀಲಿಸುತ್ತಿದ್ದರು. ಸೋವಿಯತ್ ತಪಾಸಕರು ಯೂಟಾ ರಾಜ್ಯದ ಮ್ಯಾಗ್ನಾದಲ್ಲಿ ಅದನ್ನೇ ಮಾಡಿದರು. ಕಡು ವೈರಿಗಳು ಪರಸ್ಪರರ ಕಾರ್ಖಾನೆಯ ಬಾಗಿಲು ಕಾಯುವ ಈ ವ್ಯವಸ್ಥೆ 2001ರವರೆಗೆ, ಹದಿಮೂರು ವರ್ಷ ನಡೆಯಿತು. ನನ್ನ ದೃಷ್ಟಿಯಲ್ಲಿ ಶಸ್ತ್ರ ನಿಯಂತ್ರಣದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಇಲ್ಲ. 1980ರ ದಶಕದ ನಡುವಿನಲ್ಲಿ ಸುಮಾರು 70,000ಕ್ಕೆ ಮುಟ್ಟಿದ್ದ ಜಗತ್ತಿನ ಸಿಡಿತಲೆಗಳ ಸಂಖ್ಯೆ ಇಂದು 12,000ದ ಆಸುಪಾಸಿಗೆ ಇಳಿದಿರುವುದರ ಹಿಂದೆ ಈ ಬಗೆಯ ತಪಾಸಣೆ ಕೊಟ್ಟ ಧೈರ್ಯವಿದೆ.

ಅದೆಲ್ಲ ಒಂದೊಂದಾಗಿ ಕಳಚಿತು. ಐಎನ್‌ಎಫ್ 2019ರಲ್ಲಿ ಕೊನೆಗೊಂಡಿತು. ಅಮೆರಿಕ ಮತ್ತು ರಷ್ಯಾಗಳಿಗೆ ತಲಾ 1,550 ನಿಯೋಜಿತ ಸಿಡಿತಲೆಗಳ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದಡಿ ವರ್ಷಕ್ಕೆ 18 ತಪಾಸಣೆಗಳಿಗೆ ಅವಕಾಶವಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ನಿಂತವು ಮತ್ತೆ ಆರಂಭವಾಗಲೇ ಇಲ್ಲ. 2023ರಲ್ಲಿ ರಷ್ಯಾ ಒಪ್ಪಂದದ ಪಾಲನೆಯನ್ನು ಅಮಾನತಿನಲ್ಲಿಟ್ಟಿತು. ಒಮ್ಮೆ ಮಾತ್ರ ವಿಸ್ತರಿಸಬಹುದಾಗಿದ್ದ ಅದರ ಅವಧಿಗೆ 2026ರ ಫೆಬ್ರುವರಿ 5 ಕೊನೆಯ ದಿನವಾಗಿತ್ತು.

ಇರಾನ್‌ನ ವಿಷಯದಲ್ಲಿ ಆದದ್ದೂ ಇದೇ. ಅಮೆರಿಕ ಮತ್ತಿತರ ದೇಶಗಳೊಂದಿಗಿನ 2015ರ ಒಪ್ಪಂದ, ಯುರೇನಿಯಂ ಸಂವರ್ಧನೆಯನ್ನು (ಯು-235ರ ಪ್ರಮಾಣ ಏರಿಸುವುದನ್ನು) ಶೇ 3.67ಕ್ಕೆ, ದಾಸ್ತಾನನ್ನು 300 ಕಿಲೋಗೆ ಸೀಮಿತಗೊಳಿಸಿ ಬಿಗಿ ತಪಾಸಣೆಯನ್ನು ವಿಧಿಸಿತ್ತು. 2018ರಲ್ಲಿ ಅಮೆರಿಕ ಹೊರನಡೆಯಿತು. 2021ರಲ್ಲಿ ಇರಾನ್ ಹೆಚ್ಚುವರಿ ಪ್ರೋಟೊಕಾಲ್ ಪಾಲನೆ ನಿಲ್ಲಿಸಿ ಶೇ 60ರ ಸಂವರ್ಧನೆಗೆ ಕೈಹಾಕಿತು. ಮರುವರ್ಷ ಸಂಸ್ಥೆಯ ಕ್ಯಾಮೆರಾಗಳನ್ನೂ ತೆಗೆಸಿತು. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅಮೆರಿಕ ಅಣುಕೇಂದ್ರಗಳ ಮೇಲೆ ದಾಳಿ ನಡೆಸಿದಾಗ, ಶೇ 60ರ ಯುರೇನಿಯಂ 400 ಕಿಲೋಗೂ ಹೆಚ್ಚಿತ್ತು ಎಂಬುದು ಸಂಸ್ಥೆಯ ಅಂದಾಜು. ಬಾಂಬುಗಳು ಕಟ್ಟಡಗಳನ್ನು ಕೆಡವಿದವು. ಇರಾನ್ ಸಂಸ್ಥೆಯೊಂದಿಗಿನ ಸಹಕಾರವನ್ನು ಅಮಾನತುಗೊಳಿಸಿತು. ಆ ದಾಸ್ತಾನು ಎಲ್ಲಿದೆಯೆಂದು ಸ್ಥಳಕ್ಕೆ ಹೋಗಿ ನೋಡುವ ಅವಕಾಶ ದಾಳಿಯ ನಂತರದ ತಿಂಗಳುಗಳಲ್ಲಿ ತಪಾಸಕರಿಗೆ ಸಿಗಲಿಲ್ಲ.