ಮಳೆಗಾಲಕ್ಕೂ ಉಳಿಯುವ ಹೊಸ ವರ್ಷದ ನಿರ್ಧಾರ

"ಹೊಸ ವರ್ಷದಿಂದ ವಾಕಿಂಗ್ ಶುರು ಮಾಡಿದ್ದೇನೆ ಡಾಕ್ಟ್ರೇ" ಎಂದು ಉಡುಪಿಯ ನನ್ನ ಕ್ಲಿನಿಕ್ಕಿಗೆ ಬಂದವರು ಹೇಳಿದಾಗ ನಿಜಕ್ಕೂ ಸಂತೋಷವಾಗುತ್ತದೆ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳುತ್ತೇನೆ: "ಜೂನ್‌ನಲ್ಲಿ ಎಂತ ಮಾಡ್ತೀರಿ?"

ಹೆಚ್ಚಿನವರು ಅದನ್ನು ಯೋಚಿಸಿರುವುದಿಲ್ಲ. ಜನವರಿಯ ಬೆಳಗ್ಗೆ ನಮ್ಮ ಕರಾವಳಿಯಲ್ಲಿ ನಡೆಯುವುದು ಸುಲಭ. ಅಜ್ಜರಕಾಡಿನ ಪಾರ್ಕ್ ಇದೆ, ಮಂಗಳೂರಿನವರಿಗೆ ಕದ್ರಿ ಪಾರ್ಕ್ ಇದೆ, ಮಲ್ಪೆ, ಪಣಂಬೂರಿನ ಕಡಲತೀರ ಇದೆ. ಆದರೆ ದೈವಗಳ ನೇಮ, ಜಾತ್ರೆ, ಯಕ್ಷಗಾನ ಮೇಳದ ಆಟ, ದೇವಸ್ಥಾನದ ಬ್ರಹ್ಮಕಲಶ ಎಲ್ಲವೂ ಈ ತಿಂಗಳುಗಳಲ್ಲೇ. ರಾತ್ರಿಯಿಡೀ ನೇಮ ನೋಡಿದವರು ಬೆಳಗ್ಗೆ ಐದೂವರೆಗೆ ಎದ್ದು ಬೂಟು ಕಟ್ಟುವುದು ಹೇಗೆ? ಏಪ್ರಿಲ್, ಮೇ ಬಂದರೆ ಮದುವೆಗಳ ಸಾಲು, ಬೆವರು ಆರದ ಸೆಕೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಅಂಗಳಕ್ಕಿಳಿಯಲು ಬಿಡುವುದಿಲ್ಲ. ಹೀಗೆ ವಾಕಿಂಗ್ ನಿಂತವರು ಮುಂದಿನ ಸಲ ಬಂದಾಗ "ನನಗೆ ಮನಸ್ಸು ಗಟ್ಟಿ ಇಲ್ಲ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಮನಸ್ಸಿಗೇನೂ ಆಗಿಲ್ಲ. ಜನವರಿಯ ಹವೆಗೆ ಮಾತ್ರ ಹೊಂದುವ ನಿರ್ಧಾರ ಮಾಡಿದ್ದರು, ಅಷ್ಟೇ.

ಹೊಸ ರೂಢಿಯೊಂದು ಮೈಗೆ ಹತ್ತಲು ಎಷ್ಟು ದಿನ ಬೇಕು? 21 ದಿನ ಸಾಕು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ ಲೆಕ್ಕ ಹಾಕಿದಾಗ ಮಧ್ಯದ ಅಂದಾಜು ಸಿಕ್ಕಿದ್ದು 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾದೀತು ಎಂಬ ಅಂದಾಜೂ ಅದರಲ್ಲಿತ್ತು. ಜನವರಿ 1ಕ್ಕೆ ಶುರು ಮಾಡಿದವರಿಗೆ 66 ದಿನ ಎಂದರೆ ಮಾರ್ಚ್ ಮೊದಲ ವಾರ, 254 ದಿನ ಎಂದರೆ ಸೆಪ್ಟೆಂಬರ್. ಅಲ್ಲಿಗೆ ನಮ್ಮ ಜಾತ್ರೆ, ಮದುವೆ, ಸೆಕೆ, ಮಳೆ ಎಲ್ಲವನ್ನೂ ದಾಟಿಯಾಗಿರುತ್ತದೆ. ಅದೇ ಅಧ್ಯಯನದ ಇನ್ನೊಂದು ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಒಂದು ದಿನ ತಪ್ಪಿಹೋದರೆ ರೂಢಿ ಬೆಳೆಯುವುದಕ್ಕೆ ಹೇಳುವಂಥ ಅಡ್ಡಿಯೇನೂ ಆಗಲಿಲ್ಲ. ನೇಮದ ಮರುದಿನ ಧಾರಾಳವಾಗಿ ನಿದ್ದೆ ಮಾಡಿ. ಸಂಜೆಯೋ ಮರುದಿನವೋ ಮತ್ತೆ ಹಿಡಿದುಕೊಳ್ಳಿ.

ಹಾಗಾದರೆ ಮಳೆಗೂ ನಿಲ್ಲದ ವ್ಯಾಯಾಮ ಯಾವುದು? ಊಟದ ನಂತರ ಹತ್ತು ನಿಮಿಷ ನಡೆಯುವುದು. ಇದಕ್ಕೆ ಪಾರ್ಕ್ ಬೇಡ. ಚಾವಡಿಯ ಈ ತುದಿಯಿಂದ ಆ ತುದಿಗೆ, ಜಗಲಿಯಲ್ಲಿ, ಫ್ಲ್ಯಾಟಿನವರಾದರೆ ಕಾರಿಡಾರಿನಲ್ಲಿ. ಊಟವಾಗಿ ಒಂದೆರಡು ಗಂಟೆಯೊಳಗೆ ರಕ್ತದ ಸಕ್ಕರೆ ಮೇಲಕ್ಕೇರುತ್ತದೆ. ಕೆಲಸದಲ್ಲಿರುವ ಸ್ನಾಯು ಇನ್ಸುಲಿನ್ ಅನ್ನು ಹೆಚ್ಚು ಕಾಯದೆ ಆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನ್ಯೂಜಿಲ್ಯಾಂಡಿನ ಒಟಾಗೋ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ 41 ಮಂದಿ ಇದನ್ನು ಮಾಡಿ ನೋಡಿದ್ದರು. ದಿನದಲ್ಲಿ ಯಾವುದೋ ಹೊತ್ತಿಗೆ ಅರ್ಧ ಗಂಟೆ ನಡೆಯುವುದಕ್ಕಿಂತ, ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆಯ ಏರಿಕೆ ಶೇ. 12ರಷ್ಟು ಕಡಿಮೆಯಿತ್ತು. ರಾತ್ರಿ ಊಟದ ಬಳಿಕವಂತೂ ಶೇ. 22ರಷ್ಟು ಕಡಿಮೆ. ದಿನಕ್ಕೆ ಮೂರು ಹೊತ್ತು ಹತ್ತು ನಿಮಿಷ ಎಂದರೆ ವಾರಕ್ಕೆ 210 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷವನ್ನು ಮನೆಯೊಳಗೇ ದಾಟಿದಂತಾಯಿತು. ವೇಗ ಎಷ್ಟಿರಬೇಕೆಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರು "ನಮಗೆಲ್ಲಿ ಹೊತ್ತು ಡಾಕ್ಟ್ರೇ" ಎನ್ನುತ್ತಾರೆ. ಅವರ ಮಾತು ಸರಿ. ಎಲೆ, ತಂಬಾಕು ತುಂಬಿದ ಸೂಪನ್ನು (ಮೊರವನ್ನು) ಮಡಿಲಲ್ಲಿಟ್ಟು ಗಂಟೆಗಟ್ಟಲೆ ಕೂತು ದುಡಿಯುವವರು ಅವರು. ಅವರಿಗೆ ನಾನು ಬೇರೆ ವಾಕಿಂಗ್ ಹೇಳುವುದಿಲ್ಲ. ಗಂಟೆಗೊಮ್ಮೆ ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬನ್ನಿ, ಒಂದು ಲೋಟ ನೀರು ಕುಡಿದು ಮತ್ತೆ ಕೂರಿ ಎನ್ನುತ್ತೇನೆ.

ಇನ್ನು ಊಟ. ಹೊಸ ವರ್ಷದಲ್ಲಿ ಹೆಚ್ಚಿನವರ ಮೊದಲ ಪ್ರತಿಜ್ಞೆ ಅನ್ನ ಬಿಟ್ಟು ಚಪಾತಿ ಹಿಡಿಯುವುದು. ಕುಚ್ಚಲಕ್ಕಿ ಉಂಡು ಬೆಳೆದ ಹೊಟ್ಟೆ ಇದಕ್ಕೆ ಹೆಚ್ಚು ದಿನ ಒಪ್ಪುವುದಿಲ್ಲ, ಒಪ್ಪಬೇಕಾದ ಅಗತ್ಯವೂ ಇಲ್ಲ. ನಾಲ್ಕು ಚಪಾತಿ ತಿಂದರೂ ಸಕ್ಕರೆ ಏರಿಯೇ ಏರುತ್ತದೆ. ಬದಲಾಗಬೇಕಾದ್ದು ಬಟ್ಟಲಿನ ಲೆಕ್ಕ. ಅರ್ಧ ಬಟ್ಟಲು ಹರಿವೆ, ಬಸಳೆ, ಅಲಸಂಡೆ, ತೊಂಡೆಕಾಯಿಯ ಪಲ್ಯವೋ ಪದಾರ್ಥವೋ ಇರಲಿ. ಕಾಲು ಭಾಗ ಹೆಸರುಕಾಳು ಅಥವಾ ಮೀನು, ಉಳಿದ ಕಾಲಕ್ಕೆ ಅನ್ನ. ಬೂತಾಯಿ, ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯ ಕೊಬ್ಬಿದೆ. ಎಣ್ಣೆಯಲ್ಲಿ ಕಾಯಿಸುವುದನ್ನು ಕಡಿಮೆ ಮಾಡಿ ಹುಳಿ, ಖಾರದ ಪುಳಿಮುಂಚಿ ಸಾರು ಮಾಡಿ ಉಣ್ಣಿ.

ಊಟದಲ್ಲೂ ಜೂನ್ ಬೇರೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಸಿಮೀನು ಕಡಿಮೆಯಾಗಿ ಒಣಮೀನು, ಒಣ ಸಿಗಡಿ ಚಟ್ನಿ ಬಟ್ಟಲಿಗೆ ಬರುತ್ತವೆ. ಸಸ್ಯಾಹಾರಿಗಳ ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ, ಹಪ್ಪಳ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಇರಬೇಕು. ಈ ಊಟದಲ್ಲಿ ಅದು ಸುಲಭವಾಗಿ ಮೀರಿಹೋಗುತ್ತದೆ. ಬಿಪಿ ಇರುವವರು ಗಂಜಿಯ ಜೊತೆ ಹೆಸರುಕಾಳಿನ ಪಲ್ಯವನ್ನೋ ಹುರುಳಿ ಚಟ್ನಿಯನ್ನೋ ಈಗಿನಿಂದಲೇ ರೂಢಿ ಮಾಡಿಕೊಂಡರೆ ಮಳೆಗಾಲದಲ್ಲಿ ಹೊಸತಾಗಿ ಕಲಿಯಬೇಕಾಗಿಲ್ಲ.

ಒಂದು ಕೋರಿಕೆ. ಊಟದ ಬಗ್ಗೆ ಕೇಳಲು ಬರುವಾಗ ಮನೆಯಲ್ಲಿ ಅಡುಗೆ ಮಾಡುವವರೂ ಜೊತೆಗೆ ಬನ್ನಿ. ಗಂಡಸು ಕ್ಲಿನಿಕ್ಕಿನಲ್ಲಿ ತಲೆಯಾಡಿಸಿ ಹೋಗುತ್ತಾನೆ, ಉಪ್ಪು ಹಾಕುವ ಕೈ ಮನೆಯಲ್ಲಿರುತ್ತದೆ. ಅಡುಗೆ ಮಾಡುವ ಆ ಹೆಂಗಸಿನ ಶುಗರ್, ಬಿಪಿಯನ್ನೂ ಅದೇ ದಿನ ನೋಡಬಹುದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ಪರೀಕ್ಷೆಯೂ ನಮ್ಮಲ್ಲಿ ಕೊನೆಗೇ ಆಗುತ್ತದೆ. ಅದು ನನಗೆ ಬಹಳ ಬೇಸರ ತರುವ ಸಂಗತಿ.

ತೂಕದ ಮುಳ್ಳು ಅಲ್ಲಾಡದಿದ್ದರೆ ಎದೆಗುಂದಬೇಡಿ. 2006ರಲ್ಲಿ ಪ್ರಕಟವಾದ ಭಾರತದ ಮಧುಮೇಹ ತಡೆ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು ನಡಿಗೆ ಮತ್ತು ಊಟದ ಬದಲಾವಣೆಯಿಂದಲೇ ಕಾಯಿಲೆ ಬರುವ ಸಾಧ್ಯತೆಯನ್ನು ಶೇ. 28.5ರಷ್ಟು ತಗ್ಗಿಸಿಕೊಂಡಿದ್ದರು. ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಆದ್ದರಿಂದ ಸೊಂಟದ ಸುತ್ತಳತೆ ನೋಡಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಈಗೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಮಾಡಿಸಿ. ಆಗಸ್ಟ್ ಕೊನೆಗೆ ಇನ್ನೊಮ್ಮೆ ಮಾಡಿಸಿದರೆ ಮಳೆಗಾಲ ಹೇಗೆ ಕಳೆಯಿತೆಂದು ಗೊತ್ತಾಗುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ನಡಿಗೆ ಹೆಚ್ಚಿಸುವ ಮೊದಲು ವೈದ್ಯರಿಗೆ ತಿಳಿಸಿ, ಸಕ್ಕರೆ ಥಟ್ಟನೆ ಇಳಿಯಬಹುದು. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಲ್ಲಿಸಿ, ಆ ದಿನವೇ ಆಸ್ಪತ್ರೆಗೆ ಹೋಗಿ. ಪಾದ ಜೋಮು ಹಿಡಿಯುವ ಶುಗರಿನವರು ಮಲ್ಪೆಯ ಮರಳಿನಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಚಿಪ್ಪು ತಾಗಿ ಗಾಯವಾದರೂ ಗೊತ್ತಾಗುವುದಿಲ್ಲ. ಚಪ್ಪಲಿ ಹಾಕಿಯೇ ನಡೆಯಿರಿ, ಮನೆಗೆ ಬಂದು ಕಾಲು ತೊಳೆದು ಬೆರಳುಗಳ ಸಂದಿಯನ್ನೂ ಅಂಗಾಲನ್ನೂ ನೋಡಿಕೊಳ್ಳಿ.