ಬಾವಲಿ ಪರಾಗಸ್ಪರ್ಶ

ಅರಸೀಕೆರೆ, ಕಡೂರು ಕಡೆ ಹೊಲದ ಬದುಗಳಲ್ಲಿ ಕತ್ತಾಳೆ ನೋಡಿಯೇ ಇರುತ್ತೀರಿ. ನಾರು ತೆಗೆದು ಹಗ್ಗ ಹೊಸೆಯುತ್ತಿದ್ದ ಅದೇ ಗಿಡ. ಎಷ್ಟೋ ವರ್ಷ ನೆಲ ಕಚ್ಚಿಕೊಂಡಿದ್ದು, ಒಂದು ಸಲ ಮರದೆತ್ತರಕ್ಕೆ ಕಂಬ ಎತ್ತಿ ಹೂ ಬಿಡುತ್ತದೆ. 'ಕಂಬ ಬಿಟ್ರೆ ಅದರ ಆಯಸ್ಸು ಮುಗೀತು ಕಣಪ್ಪ' ಅನ್ನುತ್ತಿದ್ದರು ನಮ್ಮಜ್ಜ. ನಿಜವೇ. ಹೂ ಬಿಟ್ಟ ಗಿಡ ಒಣಗಿ ಸಾಯುತ್ತದೆ.

ಕತ್ತಾಳೆಯ ತವರು ಮೆಕ್ಸಿಕೊ ಸೀಮೆ. ಅಲ್ಲಿ ಈ ಜಾತಿಯ ಹಲವು ಗಿಡಗಳ ಹೂವಿಗೆ ರಾತ್ರಿ ಬಾವಲಿ ಬರುತ್ತದೆ. ಒಂದು ಹೂವಿನ ಪರಾಗವನ್ನು ಬಾವಲಿ ಇನ್ನೊಂದಕ್ಕೆ ಮುಟ್ಟಿಸಿ ಕಾಯಿ ಕಟ್ಟಿಸುವುದಕ್ಕೇ 'ಬಾವಲಿ ಪರಾಗಸ್ಪರ್ಶ' ಎನ್ನುತ್ತಾರೆ. ಇಂಥ ಹೂಗಳು ಕತ್ತಲಾದ ಮೇಲೆ ಅರಳುತ್ತವೆ. ಬಣ್ಣ ಹೆಚ್ಚಾಗಿ ಬಿಳಿ ಇಲ್ಲವೇ ಮಾಸಲು, ವಾಸನೆ ಗಾಢ, ಮಕರಂದ ಜಾಸ್ತಿ. ರೆಕ್ಕೆಗೆ ತಾಗದ ಹಾಗೆ ಎಲೆಗಳಿಂದ ಹೊರಗೇ ಇರುತ್ತವೆ.

ಅಲ್ಲಿನ ಉದ್ದಮೂತಿ ಬಾವಲಿ 25 ಗ್ರಾಂ ತೂಗಿದರೆ ಹೆಚ್ಚು. ಅದರ ನಾಲಿಗೆ ತುದಿಯಲ್ಲಿ ಬ್ರಷ್ಷಿನಂಥ ಸಣ್ಣ ಕೂದಲುಗಳಿವೆ. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ಮೂತಿ ತೂರಿಸುತ್ತದೆ. ಈಚೆ ಬಂದಾಗ ತಲೆಯೆಲ್ಲಾ ಹಳದಿ ಪುಡಿ! ಹೂ ಬಿಡುವ ಕಾಲ ನೋಡಿಕೊಂಡು ಮೆಕ್ಸಿಕೊದಿಂದ ಅಮೆರಿಕದ ಅರಿಜೋನಾ ಮರುಭೂಮಿಯವರೆಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರುತ್ತದೆ. ಆ ಮರುಭೂಮಿಯ ಸಗ್ವಾರೊ ಕಳ್ಳಿಯ ಹೂವು ರಾತ್ರಿ ಅರಳಿ ಮಾರನೇ ದಿನ ಮುಚ್ಚಿಬಿಡುತ್ತದೆ. ಬೆಳಿಗ್ಗೆ ಜೇನು, ಪಾರಿವಾಳದ ಜಾತಿಯ ಹಕ್ಕಿಗಳೂ ಬರುತ್ತವೆ, ಎಲ್ಲವೂ ಬಾವಲಿಯೊಂದರಿಂದಲೇ ಅಲ್ಲ.

1988ರಲ್ಲಿ ಅಮೆರಿಕ ಈ ಬಾವಲಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತ್ತು. ಸಂಖ್ಯೆ ಚೇತರಿಸಿಕೊಂಡು 2018ರಲ್ಲಿ ಪಟ್ಟಿಯಿಂದ ಹೊರಬಂತು. ಟಕೀಲಾ ಮದ್ಯಕ್ಕೆ ಬೆಳೆಯುವ ಕತ್ತಾಳೆಯನ್ನು ಹೂ ಬಿಡುವ ಮೊದಲೇ ಕಡಿಯುತ್ತಾರೆ. ಬಾವಲಿಗೆಂದು ನೂರಕ್ಕೆ 5 ಗಿಡ ಹೂವಿಗೆ ಬಿಡುವ ಬೆಳೆಗಾರರು ಈಗ ಅಲ್ಲಿದ್ದಾರೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಆ ಬಾವಲಿ ನಮ್ಮಲ್ಲಿಲ್ಲ. ನಮ್ಮ ಬದುವಿನ ಕತ್ತಾಳೆ ಹೆಚ್ಚಾಗಿ ಬುಡದಲ್ಲಿ ಮರಿ ಹಾಕಿಕೊಂಡು ಹಬ್ಬುತ್ತದೆ. ಆದರೆ ನಮ್ಮವೇ ಬಾವಲಿಗಳು ಇದೇ ಕೆಲಸವನ್ನು ಇಪ್ಪೆ ಮರದಲ್ಲಿ, ಕಾಡುಬಾಳೆಯಲ್ಲಿ ಮಾಡುತ್ತವೆ. ಊರಬಾಳೆಗೆ ಬೀಜವೇ ಇಲ್ಲ, ಅದಕ್ಕೆ ಬಾವಲಿ ಬೇಕಿಲ್ಲ. ಆದರೂ ಮಕರಂದಕ್ಕೆ ಬರುತ್ತವೆ. ಹಾಸನದ ನಮ್ಮ ಹಿತ್ತಲಲ್ಲಿ ಬಾಳೆ ಹೂ ಬಿಟ್ಟಾಗ ನಾನು ಬೆಳಿಗ್ಗೆ ಮೊದಲು ನೋಡುವುದು ಅದರ ಕೆಂಪು ಹೊದಿಕೆಯನ್ನು. ರಾತ್ರಿ ಜೋತುಬಿದ್ದು ಹೋದವರ ಉಗುರಿನ ಗೀರು ಅಲ್ಲಿರುತ್ತದೆ.