ಅಂಕ ಇನ್ನೂ ಎಷ್ಟು ಕಡೆ ತುಂಬಬೇಕು ಸಾರ್?

ಕಾಲೇಜಿನಿಂದ ಫೋನ್ ಬಂದರೆ ಮೊದಲ ಮಾತು ನನಗೆ ಗೊತ್ತೇ ಇರುತ್ತದೆ. "ಒಂದು ದಿನದ ಮೂಡಲ್ ವರ್ಕ್‌ಶಾಪ್ ಮಾಡಿಕೊಡಿ ಸಾರ್. ನಮ್ಮ ಮೇಷ್ಟ್ರುಗಳು ಟೆಕ್ನಾಲಜಿ ಅಂದ್ರೆ ದೂರ ಓಡ್ತಾರೆ." ಮೂಡಲ್ ಅಂದರೆ ನೋಟ್ಸ್, ಅಸೈನ್‌ಮೆಂಟ್, ಅಂಕ ಎಲ್ಲ ಆನ್‌ಲೈನ್‌ನಲ್ಲಿ ಇಡುವ ಸಾಫ್ಟ್‌ವೇರ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ವರ್ಷವಾದರೆ ಈ ಫೋನ್ ಸ್ವಲ್ಪ ಬೇಗ ಬರುತ್ತದೆ. ಹೋಗುತ್ತೇನೆ. ಬ್ಯಾನರ್, ಗ್ರೂಪ್ ಫೋಟೋ, ಊಟ, ಸರ್ಟಿಫಿಕೇಟ್. ಮೂರು ತಿಂಗಳು ಬಿಟ್ಟು ತೆರೆದು ನೋಡಿದರೆ ಹೆಚ್ಚಿನ ಕೋರ್ಸುಗಳಲ್ಲಿ ಒಂದೇ ಒಂದು ಪಿಡಿಎಫ್. ಸಿಲಬಸ್.

ಓಡುತ್ತಾರೆ ಅನ್ನೋದು ಸುಳ್ಳು. 2020ರ ಲಾಕ್‌ಡೌನಿನಲ್ಲಿ ಅಡುಗೆಮನೆ ಡಬ್ಬಿಗೆ ಫೋನ್ ಒರಗಿಸಿ ಪಾಠ ಮಾಡಿದವರು ಇವರೇ ಅಲ್ವಾ? ಬಟನ್ ಒತ್ತಲು ಬರುತ್ತದೆ. ಪುರುಸೊತ್ತಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಅದು ಬರೀ ಪಾಠದ ಲೆಕ್ಕ. ಒಂದು ಟೆಸ್ಟ್ ಮುಗಿದರೆ ಮೇಡಮ್ ಅಂಕವನ್ನು ಉತ್ತರ ಪತ್ರಿಕೆಯ ಮೇಲೆ ಬರೆಯಬೇಕು. ಆಮೇಲೆ ರಿಜಿಸ್ಟರಿನಲ್ಲಿ. ಆಮೇಲೆ ವಿಭಾಗದ ಎಕ್ಸೆಲ್‌ನಲ್ಲಿ. ಆಮೇಲೆ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ. ಇಷ್ಟಾದ ಮೇಲೆ ನಾನು ಹೋಗಿ "ಮೂಡಲ್‌ನಲ್ಲೂ ಹಾಕಿ ಮೇಡಮ್" ಅಂದರೆ ಐದನೇ ಕಡೆ! ನಾನಾಗಿದ್ದರೂ ಹಾಕುತ್ತಿರಲಿಲ್ಲ.

ಹಾಗಾಗಿ ಹೊಸದನ್ನು ತರುವ ದಿನವೇ ಹಳೆಯದೊಂದನ್ನು ನಿಲ್ಲಿಸಿ. ಇದನ್ನು ಹೇಳಿದಾಗ ಪ್ರಿನ್ಸಿಪಾಲರು ತಲೆಯಾಡಿಸುತ್ತಾರೆ. ಕಾಫಿ ಮುಗಿಯುವಷ್ಟರಲ್ಲಿ "ಈ ವರ್ಷ ಎರಡೂ ಇರಲಿ, ಸೇಫ್ಟಿಗೆ" ಅನ್ನುತ್ತಾರೆ. ಎರಡೂ ಇದ್ದರೆ ಹೊಸದು ಸಾಯುತ್ತದೆ, ಸ್ವಾಮಿ. ಮೂಡಲ್‌ನಲ್ಲಿ ಅಂಕ ಹಾಕಿದರೆ ಎಕ್ಸೆಲ್ ಪಟ್ಟಿ ಅದೇ ಕೊಡುತ್ತದೆ. ಅಂದಮೇಲೆ ವಿಭಾಗದ ಎಕ್ಸೆಲ್ ಬೇರೆ ಕೇಳಬೇಡಿ. ಅಸೈನ್‌ಮೆಂಟ್ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಕಾಗದದ ಕಟ್ಟು ಬೇಡ. ನಿಲ್ಲಿಸಿ ಅಂದರೆ ಬಾಯಿಮಾತಿನಲ್ಲಲ್ಲ, ಸುತ್ತೋಲೆ ಹೊರಡಿಸಿ. ಯಾವ ದಾಖಲೆ ಕಾಗದದಲ್ಲೇ ಇರಬೇಕು ಎಂದು ಪರೀಕ್ಷಾ ವಿಭಾಗವನ್ನು ಮೊದಲೇ ಕೇಳಿಕೊಳ್ಳಿ, ಅದು ಒಂದೊಂದು ಕಡೆ ಒಂದೊಂದು ಥರ. ನಾನು ಜಾಸ್ತಿ ಕಂಡಿರುವುದು ಡಿಗ್ರಿ ಕಾಲೇಜುಗಳನ್ನು. ಇಂಜಿನಿಯರಿಂಗ್‌ನವರ ಪಾಡು ಬೇರೆ ಇರಬಹುದು.

ಒಬ್ಬರು ಕನ್ನಡ ಮೇಷ್ಟ್ರು ನೆನಪಾಗುತ್ತಾರೆ. ಇಪ್ಪತ್ತು ವರ್ಷದ ನೋಟ್ಸ್, ಎಲ್ಲ ಹಳೆಯ ನುಡಿ ಫಾಂಟಿನಲ್ಲಿ. ಅದನ್ನು ಮೂಡಲ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಗುರುತು. "ನೋಡಿ, ನಿಮ್ಮ ಮೂಡಲ್ಲು ನನ್ನ ಪಂಪನನ್ನ ಬ್ರಿಟಿಷರಿಗೆ ಮಾರಿಬಿಡ್ತು" ಎಂದರು. ತಪ್ಪು ಮೂಡಲ್‌ನದಲ್ಲ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರ ಕೂತಿರುವುದೇ ಇಂಗ್ಲಿಷ್ ಅಕ್ಷರದ ಜಾಗದಲ್ಲಿ. ಆದರೆ ಅವರ ಮುಂದೆ ಈ ಪಾಠ ಒಪ್ಪಿಸಿ ಏನು ಪ್ರಯೋಜನ? ಎರಡು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಪಕ್ಕ ಕೂತೆ. ಪರಿವರ್ತಕದಲ್ಲಿ ಹಾಕಿ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಿಸಿದೆವು, ಕೆಟ್ಟ ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದಿದೆವು. ಮಧ್ಯೆ ಅವರು ಎರಡು ಪದ್ಯ ಓದಿ ಅರ್ಥ ಹೇಳಿದರು, ಅದು ಲಾಭ.

ಪ್ರತಿ ವರ್ಷ ಜೆರಾಕ್ಸ್ ಅಂಗಡಿಯಲ್ಲಿ ಅವರ ಮೂಲ ಪ್ರತಿಯ ಹಾಳೆಗಳು ಕಳೆಯುತ್ತಿದ್ದವಂತೆ. ಈಗ ಹುಡುಗರು ಬಸ್ಸಿನಲ್ಲೇ ಫೋನ್ ತೆರೆದು ಓದುತ್ತಾರೆ. ಕ್ವಿಜ್, ಫೋರಂ ಏನನ್ನೂ ಮೇಷ್ಟ್ರು ಮುಟ್ಟಿಲ್ಲ. ನಾನೂ ಮುಟ್ಟಿ ಅಂದಿಲ್ಲ. ಕಾಲೇಜಿನ ವರದಿಯಲ್ಲಿ ಮಾತ್ರ ಇವತ್ತಿಗೂ ಅವರ ಹೆಸರು "ತರಬೇತಿ ಬೇಕಾದವರು" ಪಟ್ಟಿಯಲ್ಲಿದೆ.